ಮನೆ ನೋಡಿ ನೋಡಿ...

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಅಂತಾರೆ ಹಿರಿಯರು. ಈ ಗುರುಗ್ರಾಮದಲ್ಲಿ ಕಟ್ಟುವ ಮಾತೇ ಇಲ್ಲ, ಬರೀ ನೋಡುವುದೇ ಆಗಿದೆ! 2001ರಲ್ಲಿ ವರ್ಗವಾಗಿ ಬಂದಾಗ ಇದಿನ್ನೂ ಗುಡಗಾಂವ್. 2016ರಲ್ಲಿ ಊರಿನ ಹೆಸರು ಬದಲಾಯಿತು, ನಾವು ಮಾತ್ರ ಬಾಡಿಗೆದಾರರಾಗಿಯೇ ಉಳಿದೆವು. ನಿವೃತ್ತಿಗೆ ಇನ್ನೆರಡು ವರ್ಷ. ಮಗಳು ಇಲ್ಲೇ ನೆಲೆ ನಿಂತಿದ್ದಾಳೆ. ಹಾಗಾಗಿ ಪ್ರತಿ ಭಾನುವಾರ ನಾನೂ ನನ್ನವಳೂ ಮನೆ ನೋಡಲು ಹೊರಡುತ್ತೇವೆ, ಬೇಡ ಅಂದು ವಾಪಸು ಬರುತ್ತೇವೆ.

ಬೇಡ ಅನ್ನುವವನು ನಾನೇ. ಕಂಡವರಿಗೆಲ್ಲ ಗೃಹಸಾಲ ಕೊಟ್ಟವನ ಚಾಳಿ ನೋಡಿ. ಮೊದಲ ಪ್ರಶ್ನೆ, 'ಓಸಿ ಇದೆಯಾ?' ಆಕ್ಯುಪೇಶನ್ ಸರ್ಟಿಫಿಕೇಟ್ ಕೇಳಿದಾಗ 'ಆ ಜಾಯೇಗಾ ಸರ್' ಅಂದರೆ ಅಲ್ಲಿಗೇ ನಮಸ್ಕಾರ. ಎರಡನೆಯದು ಸೂಪರ್ ಏರಿಯಾ. ಕಾರ್ಪೆಟ್ ಏರಿಯಾ ಅಂದರೆ ಏನು ಅಂತ 2016ರ ರೇರಾ ಕಾಯ್ದೆಯೇ ಹೇಳಿದೆ. ಆದರೂ ದಲ್ಲಾಳಿ ಮಹಾಶಯರು ಲಿಫ್ಟು, ಮೆಟ್ಟಿಲು, ಕಾರಿಡಾರು ಎಲ್ಲ ಸೇರಿಸಿ 1800 ಚದರ ಅಡಿ ಅಂತಾರೆ. ಲಿಫ್ಟಿನಲ್ಲಿ ಮಂಚ ಹಾಕೋಕಾಗುತ್ತಾ, ನೀವೇ ಹೇಳಿ! ಮೂರನೆಯದು, ಶಾಫ್ಟಿಗೆ ತೆರೆಯುವ ಅಡುಗೆಮನೆ ಕಿಟಕಿ. ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರೆ ನಾವೂ ಕೆಮ್ಮಬೇಕು, ಮೇಲಿನ ಮನೆಯವರೂ ಕೆಮ್ಮಬೇಕು.

ಇನ್ನು ಮನೆ ನೋಡುವುದಾದರೆ ಮಳೆಗಾಲದಲ್ಲೇ. 2016ರ ಜುಲೈ 28ರ ಮಳೆಯನ್ನು ಇಲ್ಲಿದ್ದ ಯಾರೂ ಮರೆತಿರಲಾರರು. ಹೀರೋ ಹೋಂಡಾ ಚೌಕದಲ್ಲಿ ನೀರು ನಿಂತು ಜನ ರಾತ್ರಿಯೆಲ್ಲ ರಸ್ತೆಯಲ್ಲೇ ಕಳೆದರು. ಹಾಗಾಗಿ ತಗ್ಗಿನ ಮನೆ ಬೇಡ.

ಇಷ್ಟೆಲ್ಲ ಸರಿಹೋದ ಮನೆಯೂ ಒಂದು ಸಿಕ್ಕಿತ್ತು, ಹದಿನಾಲ್ಕನೇ ಮಹಡಿಯಲ್ಲಿ. ಅದಕ್ಕೂ ಬೇಡ ಅಂದೆ. "ನಿಮಗೆ ಒಪ್ಪಿಗೆಯಾಗೋ ಮನೆ ಇನ್ನೂ ಯಾರೂ ಕಟ್ಟಿಲ್ಲ ಬಿಡಿ" ಅಂತ ನನ್ನವಳು ರೇಗಿದಳು.

ಕಾರಣ ಅಮ್ಮ. 2009ರಲ್ಲಿ ಅರಸೀಕೆರೆಯಿಂದ ಕರಕೊಂಡು ಬಂದಿದ್ದೆ. ಆಗ ನಾವಿದ್ದದ್ದು ಹನ್ನೊಂದನೇ ಮಹಡಿ. ಲಿಫ್ಟ್ ಅಂದರೆ ಅಮ್ಮನಿಗೆ ಎದೆ ಡವಡವ. ಹಿಂದಿ ಬಾರದು. ಬೆಳಗ್ಗೆ ಎದ್ದು ಬಾಗಿಲ ಮುಂದಿನ ಟೈಲ್ಸ್ ಮೇಲೆ ರಂಗೋಲಿ ಇಡೋಳು, ಎಂಟು ಗಂಟೆಗೆ ಕಾರಿಡಾರ್ ಗುಡಿಸುವವನು ಬಂದು ಒರೆಸಿ ಹೋಗೋನು. ನಾನು ಬ್ಯಾಂಕಿನಿಂದ ಬರುತ್ತಿದ್ದದ್ದು ರಾತ್ರಿ. ನಲವತ್ತು ದಿನದಲ್ಲಿ ಅಮ್ಮ ಕೆಳಗಿಳಿದದ್ದು ಮೂರೇ ಸಲ. "ಇಲ್ಲಿ ಕಾಲಿಗೆ ಮಣ್ಣೇ ತಾಗಲ್ವಲ್ಲೋ ಮಗಾ, ಊರಿಗೆ ಕಳಿಸಿಬಿಡು" ಅಂದಳು. ಕಳಿಸಿದೆ. ಮತ್ತೆ ಬರಲಿಲ್ಲ. 2013ರಲ್ಲಿ ಹೋಗಿಬಿಟ್ಟಳು.

ಈಗ ವಯಸ್ಸಾಗುವ ಸರದಿ ನಮ್ಮದು. ನನ್ನವಳ ಮಂಡಿ ಈಗಾಗಲೇ ತಕರಾರು ತೆಗೆದಿದೆ. ನೆಲದ ಮೇಲಿನ ಮನೆ ಹುಡುಕೋಣ ಅಂದರೆ, ಈಗ ಸೈಟುಗಳಲ್ಲಿ ಹೊಸದಾಗಿ ಕಟ್ಟುವುದೆಲ್ಲ ಕೆಳಗೆ ಕಾರು, ಅದರ ಮೇಲೆ ನಾಲ್ಕು ಮಹಡಿ. ನೆಲದ ಮೇಲಿರುವ ಯೋಗ ಕಾರಿಗೆ!

ಕಳೆದ ಭಾನುವಾರ ಹಳೇ ಮನೆಯೊಂದನ್ನು ನೋಡಿದೆವು. ನೆಲಮಹಡಿ. ಮುಂದೆ ಎರಡು ಚಾಪೆಯಷ್ಟು ಮಣ್ಣು, ತುಳಸಿಗೆ ಸಾಕು. ಆದರೆ ಗೋಡೆಯ ಮೇಲೆ ಮೊಳದೆತ್ತರಕ್ಕೆ ನೀರು ನಿಂತ ಗುರುತು. ಸಾಲ ಕೇಳಿ ಬಂದವರಿಗಾದರೆ 'ಬೇಡ ಸ್ವಾಮಿ' ಅಂತ ಬುದ್ಧಿ ಹೇಳುತ್ತಿದ್ದೆ. ತಿರುಗಿ ನೋಡಿದರೆ ನನ್ನವಳು ಚಪ್ಪಲಿ ಬಿಟ್ಟು ಆ ಮಣ್ಣಿನಲ್ಲಿ ನಿಂತಿದ್ದಳು. ಬೇಡ ಅನ್ನಲು ಬಾಯಿ ಬರಲಿಲ್ಲ.

ಈ ಭಾನುವಾರ ಮತ್ತೆ ಹೋಗುತ್ತೇವೆ. ಅವತ್ತು ಮಳೆ ಬಂದರೆ ಒಳ್ಳೆಯದೇ. ನೀರು ಎಲ್ಲಿವರೆಗೆ ಏರುತ್ತೆ ಅಂತ ಕಣ್ಣಾರೆ ನೋಡಬಹುದು.