ತುರಿಕೆಗೆಂದು ಹಿಡಿದ ಉಪವಾಸ

ಕಿಡ್ನಿ ಕಾಯಿಲೆಯಲ್ಲಿ ಬರುವ ತುರಿಕೆ ಹೆಚ್ಚಾಗಿ ಚರ್ಮದ ಮೇಲೆ ಕಾಣಿಸುವುದಿಲ್ಲ. ದದ್ದಿಲ್ಲ, ಗುಳ್ಳೆಯಿಲ್ಲ. ಕಾಣುವುದೇನಿದ್ದರೂ ನಮ್ಮ ಉಗುರು ಮಾಡಿದ ಗಾಯ ಮಾತ್ರ. ಹಗಲಿಡೀ ಹೇಗೋ ತಡೆದುಕೊಂಡದ್ದು ರಾತ್ರಿ ಹಾಸಿಗೆಗೆ ಬೆನ್ನು ತಾಗಿದ ಕೂಡಲೇ ಎಬ್ಬಿಸಿ ಕೂರಿಸುತ್ತದೆ. ಕಾಯಿಲೆ ನಾಲ್ಕನೇ ಹಂತಕ್ಕೆ ಬಂದಾಗ ನನಗೆ ಇದು ಶುರುವಾಯಿತು. ಬದಿಯಡ್ಕದ ಹತ್ತಿರದ ಮನೆಯಿಂದ ಮಂಗಳೂರಿನ ಡಾಕ್ಟರರಲ್ಲಿಗೆ ಹೋದಾಗಲೆಲ್ಲ ಬಿಪಿ, ಕ್ರಿಯಾಟಿನಿನ್, ಕಾಲಿನ ಬಾವುಗಳ ಬಗ್ಗೆ ಮಾತಾಡುತ್ತಿದ್ದೆ. ತುರಿಕೆಯ ಸುದ್ದಿ ಮಾತ್ರ ಎತ್ತುತ್ತಿರಲಿಲ್ಲ. ಜೀವದ ಪ್ರಶ್ನೆಯ ಮುಂದೆ ಅದೂ ಒಂದು ದೂರೇ ಎಂಬ ಸಂಕೋಚ.

ನಮ್ಮ ಕಡೆ ಮೈ ತುರಿಸಿದರೆ ಮೊದಲು ಬರುವ ಮಾತು ನಂಜು. "ರಕ್ತದಲ್ಲಿ ನಂಜು ಏರಿದ್ದು ಮಗಾ, ಹೊಟ್ಟೆಯನ್ನು ಖಾಲಿ ಬಿಡು, ಇಳಿಯುತ್ತದೆ" ಎಂದರು ದೊಡ್ಡಮ್ಮ. ಏಕಾದಶಿ ತಪ್ಪಿಸದ ಮನೆ ನಮ್ಮದು. ರಂಜಾನ್ ತಿಂಗಳಿಡೀ ಉಪವಾಸ ಹಿಡಿಯುವವರು ನೆರೆಯವರು. ಉಪವಾಸದಿಂದ ಕೆಡುಕಾದೀತೆಂದು ನನಗೆ ಹೊಳೆಯಲೇ ಇಲ್ಲ. ತಿನ್ನದಿದ್ದರೆ ಸೋತ ಕಿಡ್ನಿಗೆ ಕೆಲಸ ಕಡಿಮೆ, ವಿಶ್ರಾಂತಿ ಸಿಕ್ಕಿದರೆ ರಕ್ತ ಶುದ್ಧವಾಗುತ್ತದೆ ಎಂಬ ಲೆಕ್ಕವೂ ಸರಿಯಾಗಿಯೇ ಕಂಡಿತು.

ಅನ್ನ ಬಿಟ್ಟೆ. ನಿತ್ರಾಣವಾಗದಿರಲೆಂದು ತೋಟದ ಬೊಂಡ ಕುಡಿದೆ, ಕದಳಿ ಬಾಳೆಹಣ್ಣು ತಿಂದೆ. ಊಟದ ಜೊತೆ ನುಂಗಬೇಕಾದ ಮಾತ್ರೆಯನ್ನು, ಊಟವೇ ಇಲ್ಲವಲ್ಲ ಎಂದು ಬದಿಗಿಟ್ಟೆ. ಹಸಿವಿನ ಎದುರು ತುರಿಕೆ ಹಿಂದೆ ಸರಿದಂತಿತ್ತು. ಅದನ್ನೇ ಗುಣವೆಂದು ನಂಬಿದೆ. ಕೆಲವೇ ದಿನಗಳಲ್ಲಿ ತೊಡೆಗಳ ಬಲ ಉಡುಗಿತು, ಎದೆಬಡಿತ ತಾಳ ತಪ್ಪಿತು. ಮನೆಯವರು ತಲಪಾಡಿ ದಾಟಿಸಿ ಮಂಗಳೂರಿಗೆ ತಲುಪಿಸಿದಾಗ ರಕ್ತದ ಪೊಟ್ಯಾಷಿಯಂ 6.8 ಇತ್ತು. ಇರಬೇಕಾದದ್ದು 3.5ರಿಂದ 5ರೊಳಗೆ. ಹೃದಯ ನಿಲ್ಲದಂತೆ ಕಾಪಾಡಲು ಕ್ಯಾಲ್ಸಿಯಂ ಗ್ಲುಕೊನೇಟ್, ಆಮೇಲೆ ಗ್ಲೂಕೋಸಿನ ಜೊತೆ ಇನ್ಸುಲಿನ್ ಕೊಟ್ಟರು.

ಆಗಿದ್ದೇನು ಎಂಬುದು ಡಾಕ್ಟರರು ಬಿಡಿಸಿ ಹೇಳಿದ ಮೇಲೆ ತಿಳಿಯಿತು. ಊಟ ನಿಂತರೆ ದೇಹ ತನ್ನದೇ ಸ್ನಾಯುಗಳನ್ನು ಒಡೆಯತೊಡಗುತ್ತದೆ. ಅದರಿಂದ ಯೂರಿಯಾ, ಪೊಟ್ಯಾಷಿಯಂ, ಫಾಸ್ಫರಸ್ ರಕ್ತಕ್ಕೆ ಸೇರುತ್ತವೆ. ಉಂಡಾಗ ಸ್ರವಿಸುವ ಇನ್ಸುಲಿನ್ ಪೊಟ್ಯಾಷಿಯಮನ್ನು ಜೀವಕೋಶಗಳ ಒಳಗೆ ಸೇರಿಸುತ್ತದೆ; ಉಪವಾಸದಲ್ಲಿ ಅದೂ ತಗ್ಗುತ್ತದೆ. ಇದರ ಮೇಲೆ ಬೊಂಡ. 100 ಮಿಲಿಲೀಟರ್ ಎಳನೀರಿನಲ್ಲಿ ಸುಮಾರು 200ರಿಂದ 250 ಮಿಲಿಗ್ರಾಂ ಪೊಟ್ಯಾಷಿಯಂ ಇರುತ್ತದೆ. ಬಾಳೆಹಣ್ಣಿನಲ್ಲಿ ಇನ್ನೂ ಹೆಚ್ಚು. ಗಟ್ಟಿ ಕಿಡ್ನಿ ಇದನ್ನು ಮೂತ್ರದಲ್ಲಿ ಹೊರಹಾಕುತ್ತದೆ, ನನ್ನದರಿಂದ ಆಗಲಿಲ್ಲ. ನಾನು ಬದಿಗಿಟ್ಟ ಮಾತ್ರೆಯೋ, ಆಹಾರದ ಫಾಸ್ಫರಸ್ಸನ್ನು ಕರುಳಿನಲ್ಲೇ ಕಟ್ಟಿಹಾಕುವಂಥದ್ದು. ರಕ್ತದಲ್ಲಿ ಫಾಸ್ಫರಸ್ ಏರಿದರೆ ತುರಿಕೆಯೂ ಹೆಚ್ಚಬಹುದು.

ಈ ಸೋಲನ್ನು ನಾನು ಹಿರಿಯರ ಮಾತಿನ ಮೇಲೆ ಹೊರಿಸಲಾರೆ. ಚರಕ ಸಂಹಿತೆಯ ಸೂತ್ರಸ್ಥಾನದ 22ನೇ ಅಧ್ಯಾಯದ ಹೆಸರೇ ಲಂಘನಬೃಂಹಣೀಯ. ದೇಹವನ್ನು ಹಗುರ ಮಾಡುವ ಲಂಘನದ ಜೊತೆಜೊತೆಗೇ ಪೋಷಿಸುವ ಬೃಂಹಣವೂ ಅಲ್ಲಿದೆ. ಕಾಯಿಲೆಯಿಂದ ಕೃಶರಾದವರಿಗೆ ಹೇಳಿದ್ದು ಎರಡನೆಯದನ್ನು. ನಮ್ಮ ಕಾಸರಗೋಡಿನಲ್ಲೇ 1999ರಲ್ಲಿ ಶುರುವಾದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ, ಆನೆಕಾಲು ರೋಗಿಗಳಿಗೆ ಆಯುರ್ವೇದ, ಯೋಗ, ಆಧುನಿಕ ವೈದ್ಯ ಮೂರನ್ನೂ ಹೊಂದಿಸಿ ಚಿಕಿತ್ಸೆ ಕೊಡುತ್ತದೆ. ಅಲ್ಲಿ ಒಬ್ಬರು ಕೊಡುವುದು ಇನ್ನೊಬ್ಬರಿಗೆ ಗೊತ್ತಿರುತ್ತದೆ. ನಾನು ಮಾಡಿದ್ದು ಯಾರಿಗೂ ಗೊತ್ತಿರಲಿಲ್ಲ.

ಕೊನೆಗೆ ತುರಿಕೆಯ ವಿಷಯ ಹೇಳಿದಾಗ ಡಾಕ್ಟರರು ಅದನ್ನು ಸಣ್ಣದೆಂದು ತಳ್ಳಿಹಾಕಲಿಲ್ಲ. ಬಿಸಿಬಿಸಿ ನೀರಿನ ಸ್ನಾನ ಬಿಟ್ಟು ಉಗುರುಬೆಚ್ಚಗಿನ ನೀರು, ಮೈ ಒದ್ದೆಯಿರುವಾಗಲೇ ಹಚ್ಚುವ ಮುಲಾಮು, ಫಾಸ್ಫರಸ್ ಹೆಚ್ಚಿರುವ ಪ್ಯಾಕೆಟ್ ತಿಂಡಿಗಳಿಗೆ ಕಡಿವಾಣ, ಕಿಡ್ನಿಯ ಶಕ್ತಿಗೆ ತಕ್ಕಂತೆ ಅಳೆದ ಗ್ಯಾಬಪೆಂಟಿನ್ ರಾತ್ರಿ ಹೊತ್ತಿಗೆ. ತುರಿಕೆ ಪೂರ್ತಿ ಹೋಗಿಲ್ಲ. ನಿದ್ದೆ ಮಾತ್ರ ಮರಳಿದೆ.

ನಿಮ್ಮ ಮನೆಯಲ್ಲಿ ಕಿಡ್ನಿ ಕಾಯಿಲೆಯವರಿದ್ದು ಮೈ ತುರಿಸಿಕೊಳ್ಳುತ್ತಿದ್ದರೆ ಸಂಕೋಚಪಡದೆ ಡಾಕ್ಟರರಿಗೆ ಹೇಳಿ. ವ್ರತ ಹಿಡಿಯುವ ಮನಸ್ಸಿದ್ದರೆ ಅದನ್ನೂ ಮೊದಲೇ ಕೇಳಿ. ಏನು ಬಿಡುತ್ತೀರಿ ಎನ್ನುವುದರ ಜೊತೆಗೆ, ಬಿಟ್ಟದ್ದರ ಬದಲು ಏನು ಕುಡಿಯುತ್ತೀರಿ, ಏನು ತಿನ್ನುತ್ತೀರಿ ಎಂಬುದನ್ನೂ ಹೇಳಿ.