ಪಟ್ಟಿಯಲ್ಲಿ ಇಲ್ಲದ ಹೆಸರು

ಲಸಿಕೆಯ ಪಟ್ಟಿ ಬರೆದವಳು ನಾನೇ. ಆಸ್ಪತ್ರೆಯ ಸಿಬ್ಬಂದಿಗೆಲ್ಲ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿ ಅಂದಾಗ ಡಾಕ್ಟರು, ನರ್ಸು, ಲ್ಯಾಬಿನವರು ಅಂತ ಬರೆದು ಗೆರೆ ಎಳೆದುಬಿಟ್ಟೆ. ವಾರ್ಡ್ ಗುಡಿಸಿ ಕಸ ಸಾಗಿಸುತ್ತಿದ್ದ ಅಕ್ಕ ಗುತ್ತಿಗೆಯವರು. ಅವರ ಹಾಜರಿ ನಮ್ಮ ಪುಸ್ತಕದಲ್ಲಿ ಇರಲಿಲ್ಲ, ನನ್ನ ಪಟ್ಟಿಗೂ ಬರಲಿಲ್ಲ. ಹೊನ್ನೂರಿನಿಂದ ಕೊಳ್ಳೇಗಾಲಕ್ಕೆ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದವರು ನಾವು.

ಎರಡನೆಯ ತಪ್ಪೂ ನನ್ನದೇ. ಒಂದು ರಾತ್ರಿ ಡ್ಯೂಟಿಯಲ್ಲಿ ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಿ ಹಳದಿ ಚೀಲಕ್ಕೆ ಎಸೆದೆ. ಸೂಜಿ ಹೋಗಬೇಕಾದದ್ದು ಬಿಳಿ ಡಬ್ಬಕ್ಕೆ. ಡಬ್ಬ ಕಾರಿಡಾರಿನ ಆ ಕೊನೆಯಲ್ಲಿತ್ತು, ಅಷ್ಟೇ ಕಾರಣ. ಬೆಳಗ್ಗೆ ಚೀಲದ ಬಾಯಿ ಕಟ್ಟುವಾಗ ಅಕ್ಕನ ಹೆಬ್ಬೆರಳಿಗೆ ಚುಚ್ಚಿತು. ಸೆರಗಿನಲ್ಲಿ ಒರೆಸಿಕೊಂಡು, "ಒಸಿ ಚುಚ್ಕತು ಬುಡಿ ಸಿಸ್ಟ್ರೆ" ಅಂದರು. ಆ ಸೂಜಿ ಯಾರಿಗೆ ಬಳಸಿದ್ದೆಂದು ನನಗೆ ಗೊತ್ತಿತ್ತು. ಆ ರೋಗಿಯ ಹೆಪಟೈಟಿಸ್ ಬಿ ರಿಪೋರ್ಟ್ ಪಾಸಿಟಿವ್.

ಲಸಿಕೆ ಇಲ್ಲದವರಿಗೆ ಇಂಥ ಸೂಜಿ ಚುಚ್ಚಿದರೆ ನೂರಕ್ಕೆ 30ರವರೆಗೂ ಸೋಂಕು ತಗಲಬಹುದು. ಎಚ್‌ಐವಿಯಲ್ಲಿ ಅದು ಸಾವಿರಕ್ಕೆ ಮೂರು. ನಾವು ಹೆದರುವುದು ಮಾತ್ರ ಎಚ್‌ಐವಿಗೆ! ಒಣಗಿದ ರಕ್ತದಲ್ಲೂ ಹೆಪಟೈಟಿಸ್ ಬಿ ವೈರಸ್ ಏಳು ದಿನ ಬದುಕುತ್ತದೆ. "ಕಾಮಾಲೆ ತಾನೇ, ಸಪ್ಪು ಅರ್ದು ಕುಡುದ್ರೆ ಹೋಯ್ತದೆ" ಅಂತ ಅಕ್ಕ ನನಗೇ ಧೈರ್ಯ ಹೇಳಿದರು. ಕಣ್ಣು ಹಳದಿಯಾಗದೆಯೂ ಇದು ವರ್ಷಗಟ್ಟಲೆ ಒಳಗೇ ಕೂತು ಈಲಿಯನ್ನು ಹಾಳುಮಾಡಬಲ್ಲದು, ಕ್ಯಾನ್ಸರಿಗೂ ತಿರುಗಬಲ್ಲದು.

ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಕೈ ತೊಳೆಸಿದೆ. ತಕ್ಷಣ ರಕ್ಷಣೆ ಕೊಡುವ ಇಮ್ಯುನೋಗ್ಲಾಬ್ಯುಲಿನ್ ಚುಚ್ಚುಮದ್ದು 24 ಗಂಟೆಯೊಳಗೆ ಬೀಳಬೇಕು. ಅದನ್ನು ಮೈಸೂರಿನಿಂದ ತರಿಸಬೇಕಾಯಿತು. ಅಕ್ಕನ ತಿಂಗಳ ಸಂಬಳ ಅದಕ್ಕೆ ಸಾಲುತ್ತಿರಲಿಲ್ಲ. ಸಂಜೆ ಒಂದು ತೋಳಿಗೆ ಅದು, ಇನ್ನೊಂದು ತೋಳಿಗೆ ಲಸಿಕೆಯ ಮೊದಲ ಡೋಸ್. ಸೂಜಿ ನೋಡಿ ಅಕ್ಕ, ಮೊಮ್ಮಗನಿಗೆ ಹುಟ್ಟಿದ ದಿನವೇ ಹಾಕಿದ್ದು ಇದೇನಾ ಅಂತ ಕೇಳಿದರು. ಹೌದು, ಇದೇ. 2011ರಿಂದ ದೇಶದ ಎಲ್ಲ ರಾಜ್ಯಗಳಲ್ಲೂ ಮಕ್ಕಳಿಗೆ ಪುಕ್ಕಟೆ ಹಾಕುತ್ತಿರುವ ಲಸಿಕೆ, ಆಸ್ಪತ್ರೆಯಲ್ಲೇ ದುಡಿಯುವ ಅಜ್ಜಿಗೆ ಸಿಕ್ಕಿರಲಿಲ್ಲ.

ಆರು ತಿಂಗಳಾದ ಮೇಲೆ ಅಕ್ಕನ ರಕ್ತ ಪರೀಕ್ಷೆ ನೆಗೆಟಿವ್ ಬಂತು. ಅದು ನನ್ನ ಜಾಣತನವಲ್ಲ. ಆಮೇಲೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳನ್ನು ಕೂತು ಓದಿದೆ. ಆಸ್ಪತ್ರೆಯ ತ್ಯಾಜ್ಯ ಮುಟ್ಟುವ ಪ್ರತಿಯೊಬ್ಬರಿಗೂ ಹೆಪಟೈಟಿಸ್ ಬಿ ಮತ್ತು ಟೆಟನಸ್ ಲಸಿಕೆ ಹಾಕಿಸಬೇಕೆಂದು ಅದರಲ್ಲಿ ಸ್ಪಷ್ಟವಾಗಿಯೇ ಇದೆ. ಕಾಯಂ, ಗುತ್ತಿಗೆ ಎಂಬ ಭೇದ ಮಾಡಿದವಳು ನಾನು.

ನಿಮ್ಮ ಮನೆಯಿಂದ ಯಾರಾದರೂ ಆಸ್ಪತ್ರೆಗೆ ಆಯಾ, ಸ್ವೀಪರ್, ಲಾಂಡ್ರಿ ಕೆಲಸಕ್ಕೆ ಹೋಗುತ್ತಿದ್ದರೆ ಇವತ್ತೇ ಕೇಳಿ: ಮೂರು ಡೋಸ್ ಆಗಿದೆಯೇ? ಮೊದಲನೆಯದಾದ ತಿಂಗಳಿಗೆ ಎರಡನೆಯದು, ಆರನೆಯ ತಿಂಗಳಿಗೆ ಮೂರನೆಯದು. ಎಲ್ಲರೂ ಬಿಡುವುದು ಆ ಮೂರನೆಯದನ್ನೇ. ಅದಾದ ಒಂದೆರಡು ತಿಂಗಳಿಗೆ ರಕ್ತದಲ್ಲಿ ಪ್ರತಿಕಾಯದ ಪ್ರಮಾಣ ಪರೀಕ್ಷಿಸಿದಾಗ 10 ಅಥವಾ ಹೆಚ್ಚು ಬಂದರೆ ಲಸಿಕೆ ಹಿಡಿದಿದೆ ಎಂದರ್ಥ. ಹಾಕಿಸಿಲ್ಲ ಅಂದರೆ ಪಟ್ಟಿ ಬರೆಯುವವರ ಹತ್ತಿರ ಹೋಗಿ ಹೆಸರು ಬರೆಸಿ.