ಕಲಘಟಗಿಯ ತೊಟ್ಟಿಲು, ನವಲಗುಂದದ ಜಮಖಾನೆ

ಹುಬ್ಬಳ್ಳಿಯಿಂದ ಕಾರವಾರದ ರಸ್ತೆ ಹಿಡಿದರೆ ಕಲಘಟಗಿ. ವಿಜಯಪುರದ ರಸ್ತೆ ಹಿಡಿದರೆ ನವಲಗುಂದ. ಮೊದಲನೆಯದು ಮಲೆನಾಡಿನ ಅಂಚು, ಸಾಗವಾನಿ ಕಾಡಿನ ನೆರೆ. ಎರಡನೆಯದು ಮಳೆ ಕಡಿಮೆಯ ಎರೆಭೂಮಿ, ಹತ್ತಿಯ ಸೀಮೆ. ಧಾರವಾಡ ಜಿಲ್ಲೆಯ ಈ ಎರಡು ಊರುಗಳಲ್ಲಿ ಒಂದು ಕಟ್ಟಿಗೆಯ ಕೆಲಸಕ್ಕೆ ಹೆಸರಾಯಿತು, ಇನ್ನೊಂದು ನೂಲಿನ ಕೆಲಸಕ್ಕೆ.

ಕಲಘಟಗಿಯ ಬಣ್ಣದ ತೊಟ್ಟಿಲು ಉತ್ತರ ಕರ್ನಾಟಕದ ಮನೆಗಳಿಗೆ ಹೊಸದಲ್ಲ. ಬಾಣಂತನ ಮುಗಿಸಿ ಮಗಳು ಗಂಡನ ಮನೆಗೆ ಹೊರಟಾಗ ತವರಿನವರು ತೊಟ್ಟಿಲು, ಬಟ್ಟಲು ಕೊಟ್ಟು ಕಳಿಸುವ ವಾಡಿಕೆ ಇದೆ. ನಟ ಅಂಬರೀಷ್ 2018ರಲ್ಲಿ, ತಮ್ಮ ಕೊನೆಯ ದಿನಗಳಲ್ಲಿ, ನಟ ಯಶ್ ಅವರ ಮಗುವಿಗಾಗಿ ಇಲ್ಲಿಯ ತೊಟ್ಟಿಲನ್ನೇ ಮಾಡಿಸಿದ್ದು ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು.

ತೊಟ್ಟಿಲಿನ ಹಲಗೆಗಳ ಮೇಲೆ ರಾಮಾಯಣ, ಮಹಾಭಾರತದ ಪ್ರಸಂಗಗಳು, ಬಾಲಕೃಷ್ಣನ ಆಟಗಳು ಇರುತ್ತವೆ. ನೋಡುವವರಿಗೆ ಇದು ಅಲಂಕಾರ. ಆದರೆ ಈ ಅಲಂಕಾರದ ಹಿಂದೆ ಉಪಯೋಗದ ಲೆಕ್ಕಾಚಾರವೂ ಇದೆ. ಬಣ್ಣಕ್ಕೆ ಬೆರೆಯುವ ಅರಗು, ಮರದ ಟೊಂಗೆಗೆ ಅಂಟಿ ಬದುಕುವ ಪುಟ್ಟ ಕೀಟವೊಂದು ಸ್ರವಿಸುವ ರಾಳ. ಬಿಸಿ ತಾಗಿದರೆ ಅದು ಮೆತ್ತಗಾಗುತ್ತದೆ, ಆರಿದರೆ ಗಟ್ಟಿ ಪೊರೆಯಾಗುತ್ತದೆ. ಆ ಪೊರೆ ದಾಟಿ ನೀರು ಸುಲಭವಾಗಿ ಕಟ್ಟಿಗೆಗೆ ಇಳಿಯದು. ದಿನಕ್ಕೆ ಹತ್ತು ಸಲ ಒದ್ದೆಯಾಗುವ ಸಾಮಾನಿಗೆ ಇದಕ್ಕಿಂತ ಬೇರೇನು ಬೇಕು?

ತೊಟ್ಟಿಲ ತೂಗಾಟವೂ ಒಂದು ಪಾಠವೇ. ಸಣ್ಣಗೆ ತೂಗುವಾಗ ಒಂದು ಸುತ್ತಿಗೆ ಬೇಕಾಗುವ ಸಮಯ ಸರಪಳಿಯ ಉದ್ದವನ್ನು ಅವಲಂಬಿಸಿದೆಯೇ ಹೊರತು ಕೂಸಿನ ತೂಕವನ್ನಲ್ಲ. ಸರಪಳಿ ನಾಲ್ಕು ಪಟ್ಟು ಉದ್ದವಾದರೆ ಸಮಯ ಎರಡು ಪಟ್ಟಾಗುತ್ತದೆ. ಎತ್ತರದ ಜಂತಿಗೆ ಕಟ್ಟಿದ ತೊಟ್ಟಿಲು ನಿಧಾನವಾಗಿ ತೂಗುವುದು ಇದರಿಂದಲೇ. ಲೋಲಕದ ಸೂತ್ರ ಓದದ ಅಜ್ಜಿಗೂ ಇದು ಗೊತ್ತು.

ಇನ್ನು ನವಲಗುಂದದ ಜಮಖಾನೆ. ಇದರ ನೇಯ್ಗೆ ಮುಸ್ಲಿಂ ಹೆಣ್ಣುಮಕ್ಕಳದು. ಇವರ ಹಿರಿಯರು ವಿಜಾಪುರದ ಕಡೆಯಿಂದ ಬಂದು ನೆಲೆಸಿದವರೆಂದು ಹೇಳಲಾಗುತ್ತದೆ. ನಿಲುವು ಮಗ್ಗದ ಮುಂದೆ ಕುಳಿತು, ಹೊಕ್ಕಿನ ಎಳೆಗಳನ್ನು ಒಂದೊಂದಾಗಿ ತೂರಿಸಿ, ಕಬ್ಬಿಣದ ಪಂಜಾದಿಂದ ಬಡಿದು ಬಿಗಿ ಮಾಡುತ್ತಾರೆ. ನವಿಲು, ಪಗಡೆಯ ಹಾಸು ಇಲ್ಲಿಯ ಹೆಸರಾದ ಚಿತ್ತಾರಗಳು.

ಇಲ್ಲಿ ಬಡಿತವೇ ಮುಖ್ಯ. ಹೊಕ್ಕು ಒತ್ತಾಗಿ ಕೂತಾಗ ಹಾಸು ಎಳೆ ಮುಚ್ಚಿಹೋಗುತ್ತದೆ, ಬಣ್ಣವೆಲ್ಲ ಹೊಕ್ಕಿನದೇ. ಬಟ್ಟೆ ದಪ್ಪವಾಗುತ್ತದೆ, ಬಾಳಿಕೆ ಹೆಚ್ಚುತ್ತದೆ. ಗಂಟು ಹಾಕಿದ ಗಾಲಿಚೆಗೆ ಮುಖ ಒಂದೇ. ಜಮಖಾನೆಯ ಚಿತ್ತಾರ ಎರಡೂ ಬದಿಗೆ ಮೂಡುತ್ತದೆ, ಒಂದು ಮಗ್ಗಲು ಮಾಸಿದರೆ ಮಗುಚಿ ಹಾಸಬಹುದು. ಎಳೆಗಳು ಲಂಬಕೋನದಲ್ಲಿ ಕೂಡುವುದರಿಂದ ಓರೆ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಆ ನವಿಲಿನ ಚೌಕುಚೌಕಾದ ಚೆಲುವಿಗೆ ಈ ಕಟ್ಟುಪಾಡೇ ಕಾರಣ. ಗ್ರಾಫ್ ಹಾಳೆಯ ಮೇಲೆ ನವಿಲನ್ನು ಬಿಡಿಸಲು ಹೊರಟ ವಿದ್ಯಾರ್ಥಿಗೆ ಇದು ಬೇಗ ಅರ್ಥವಾದೀತು.

ಈ ವಿದ್ಯೆಯನ್ನು ಮಗಳಿಗೆ ಹೇಳಿಕೊಟ್ಟರೆ ಗಂಡನ ಊರಿಗೆ ಹೋದೀತೆಂದು ಸೊಸೆಗೆ ಮಾತ್ರ ಕಲಿಸುತ್ತಿದ್ದರು ಎಂಬ ಮಾತಿದೆ. ಅಷ್ಟು ಜೋಪಾನ ಮಾಡಿದ ಗುಟ್ಟನ್ನು ಕಲಿಯುವ ಕೈಗಳೇ ಈಗ ಕಡಿಮೆ. ಪ್ಲಾಸ್ಟಿಕ್ ಚಾಪೆಯ ಬೆಲೆಗೆ ಕೈನೇಯ್ಗೆ ಸರಿದೂಗದು. 2011ರಲ್ಲಿ ನವಲಗುಂದದ ಜಮಖಾನೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಅದು ಹೆಸರನ್ನು ಕಾಯಬಲ್ಲದು. ಮಗ್ಗದ ಮುಂದೆ ಕೂಡುವವರನ್ನು ತಂದುಕೊಡಲಾರದು.

ಕೈಕೆಲಸವೆಂದರೆ ಓದು ಹತ್ತದವರ ಪಾಲಿನದು ಎಂಬ ಭಾವನೆ ಇನ್ನೂ ಅನೇಕ ತಾಯಿತಂದೆಯರಲ್ಲಿದೆ. ಆದರೆ 1961ರಲ್ಲಿ ಅಹಮದಾಬಾದಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಪೀಠೋಪಕರಣ ವಿನ್ಯಾಸ, ಜವಳಿ ವಿನ್ಯಾಸಗಳನ್ನು ಪದವಿಗಾಗಿ ಕಲಿಸುತ್ತಾರೆ. ಪ್ರವೇಶ ಪರೀಕ್ಷೆ ಬರೆದು ಅಲ್ಲಿ ಕಲಿಯಬೇಕಾದ ಮೊದಲ ಪಾಠ, ವಸ್ತು ಯಾವುದು, ಬಳಸುವವರು ಯಾರು ಎಂಬುದು, ನಮ್ಮ ಜಿಲ್ಲೆಯ ಓಣಿಗಳಲ್ಲೇ ಇದೆ.

ಒಂದು ರವಿವಾರ ಮಕ್ಕಳನ್ನು ಕರೆದುಕೊಂಡು ಹೋಗಿ ಬರಬಹುದು. ಬೆಲೆ ಕೇಳುವ ಮೊದಲು, ಎಷ್ಟು ದಿನದ ಕೆಲಸವೆಂದು ಕೇಳುವುದು ಒಳ್ಳೆಯದು. ಉತ್ತರ ಕೇಳಿದ ಮೇಲೆ ಚೌಕಾಸಿ ಮಾಡಲು ಮನಸ್ಸು ಬರಲಿಕ್ಕಿಲ್ಲ.